ಅರವತ್ತನಾಲ್ಕು ಬೋರ್ಡುಗಳ ಬಗ್ಗೆ ಇರಣ್ಣ ಕಡಪಟ್ಟಿ ಬರೆಸಿದ್ದು

ನನ್ನ ಹೆಸರು ಇರಣ್ಣ ತಂದೆ ಬಸಲಿಂಗಪ್ಪ ಕಡಪಟ್ಟಿ, ವಯಸ್ಸು 69 ವರ್ಷ. ಉದ್ಯೋಗ ಈಗ ಏನೂ ಇಲ್ಲ. ಹಿಂದೆ ಹುಬ್ಬಳ್ಳಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇತ್ತು, ಹತ್ತು ವರ್ಷ ತಾಲೂಕು ಪಂಚಾಯಿತಿ ಸದಸ್ಯನಾಗಿದ್ದೆ. ಕಾಯಂ ವಾಸ ಮಗ ಚಿದಾನಂದನ ಮನೆ, ಪೇರ್ಲ್ಯಾಂಡ್, ಹ್ಯೂಸ್ಟನ್ ಹತ್ತಿರ, ಟೆಕ್ಸಸ್ ರಾಜ್ಯ. ಆಗಸ್ಟ್ ತಿಂಗಳಿನಿಂದ ವಾಸ ಸೊಸೆ ಡಾ. ವೈಷ್ಣವಿಯ ಬಾಡಿಗೆ ಮನೆ, ಸೋಟೋಲ್ ವೆಲ್ಸ್ ಊರಿನ ಹೊರಗೆ, ಸೋಟೋಲ್ ಕೌಂಟಿ. ದಿನಾಂಕ 1-11-2024, ಶುಕ್ರವಾರ ಸಂಜೆ 5 ಗಂಟೆ 50 ನಿಮಿಷಕ್ಕೆ ಕೌಂಟಿ ಶೆರಿಫರ ಕಚೇರಿಗೆ, ಅಂದರೆ ಇಲ್ಲಿಯ ಪೊಲೀಸ್ ಠಾಣೆಗೆ ಬಂದು, ಯಾರೂ ಕರೆಸದೆ, ಯಾರೂ ಹೆದರಿಸದೆ ನಾನು ಹೇಳಿ ಬರೆಸುತ್ತಿರುವ ಸಂಗತಿ ಹೀಗಿದೆ. ನನಗೆ ಇಂಗ್ಲಿಷ್ ಅರ್ಥವಾಗುತ್ತದೆ. ಆದರೆ ಇದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅರ್ಧ ಉಳಿದುಹೋಗುತ್ತದೆ ಎಂದು ನಾನು ಕೇಳಿಕೊಂಡ ಮೇಲೆ, ಡೆಪ್ಯುಟಿ ಕ್ವೆಸಾಡ ಅವರು ಡಲ್ಲಾಸ್‌ನ ದುಭಾಷಿ ಶ್ರೀ ರಾಜಗೋಪಾಲ ಅವರನ್ನು ವಿಡಿಯೊದಲ್ಲಿ ಕರೆದು ಕೂರಿಸಿದರು.

ನನ್ನ ಹೆಂಡತಿ ಈರವ್ವ 2020ರಲ್ಲಿ ತೀರಿಕೊಂಡಳು. ಮರುವರ್ಷ ನಾನು ಇಲ್ಲಿಗೆ ಬಂದೆ. ಮಗ ಕ್ಲಿಯರ್ ಲೇಕ್‌ನಲ್ಲಿ ಎಂಜಿನಿಯರ್. ಸೊಸೆ ವೈಷ್ಣವಿ ಮೈಸೂರಿನವಳು, ವಯಸ್ಸು 41. 2018ರಿಂದ ಆಕೆ ತಿಂಗಳಿಗೆ ಹನ್ನೆರಡು ದಿನ ಸೋಟೋಲ್ ವೆಲ್ಸ್‌ನ ಇಪ್ಪತ್ತೈದು ಹಾಸಿಗೆಯ ಆಸ್ಪತ್ರೆಯಲ್ಲಿ ವೈದ್ಯೆಯಾಗಿ ಕೆಲಸ ಮಾಡುತ್ತಾಳೆ. ಪೇರ್ಲ್ಯಾಂಡ್‌ನಿಂದ ಇಲ್ಲಿಗೆ 520 ಮೈಲಿ, ಎಲ್ಲಿಯೂ ನಿಲ್ಲದಿದ್ದರೆ ಎಂಟು ಗಂಟೆ.

ಕಳೆದ ವರ್ಷ ನವೆಂಬರ್‌ನಲ್ಲಿ ಆಕೆ ಇಲ್ಲಿಂದ ಕಾಂಗ್ರೆಸ್ಸಿಗೆ, ಅಂದರೆ ಈ ದೇಶದ ಸಂಸತ್ತಿಗೆ ನಿಲ್ಲುವುದೆಂದು ನಿರ್ಧಾರವಾಯಿತು. ಈ ಕ್ಷೇತ್ರದಲ್ಲಿ ನಮ್ಮ ತಾಲೂಕುಗಳಂಥ ಹತ್ತೊಂಬತ್ತು ಕೌಂಟಿಗಳಿವೆ, ಬಹುಪಾಲು ಮರುಭೂಮಿ. ಈಗಿನ ಸದಸ್ಯರು ಹಿಂದಿನ ಸಲ ನೂರಕ್ಕೆ ಒಂದು ಮತಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದಿದ್ದರು. ಆದ್ದರಿಂದ ಗೆಲ್ಲಬಹುದು ಎಂದು ಆಕೆಯ ಪಕ್ಷದವರು ಹೇಳಿದರಂತೆ. ಈ ನಿರ್ಧಾರವನ್ನು ನನಗೆ ಮಗ ತಿಳಿಸಿದನು. ಕಾರಿನ ಡಿಕ್ಕಿಯಿಂದ ಕಿರಾಣಿ ಸಾಮಾನು ಇಳಿಸುತ್ತ ತಿಳಿಸಿದನು. ನಾನು ನಮ್ಮ ಕಡೆ ವಿಧಾನಸಭೆಗೆ 1999ರಲ್ಲಿ ಮತ್ತು 2004ರಲ್ಲಿ ನಿಂತು ಎರಡು ಸಲವೂ ಸೋತವನು. ಆ ಮನೆಯಲ್ಲಿ ಚುನಾವಣೆ ಎಂದರೇನೆಂದು ಬಲ್ಲವನು ನಾನೊಬ್ಬನೇ. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ವೈಷ್ಣವಿ ಒಮ್ಮೆ ಮಾತ್ರ ಕೇಳಿದಳು. ಫೆಬ್ರವರಿಯ ಒಂದು ಭಾನುವಾರ ಊಟದ ಮೇಜಿನ ಮೇಲೆ, ಹಳ್ಳಿ ಜನರ ಹತ್ತಿರ ಮೊದಲು ಏನು ಮಾತಾಡಬೇಕು ಎಂದು ಕೇಳಿದಳು. ನಾನು 2004ರ ಸಂಗತಿ ಹೇಳಿದೆ. ಕರಿಮಣ್ಣಿನ ಸೀಮೆಯ ಒಂದು ಹಳ್ಳಿಯಲ್ಲಿ ಬೇವಿನ ಮರದ ಕೆಳಗೆ ಸುಮಾರು ನಲವತ್ತು ಜನ ಸೇರಿದ್ದರು. ಅವರು ಕುಡಿಯುವ ನೀರನ್ನು ಒಂದು ಚೆರಿಗೆಯಲ್ಲಿ ತರಿಸಿ, ಎಲ್ಲರ ಮುಂದೆ ಕುಡಿದು, “ಮೊದಲ ನೀರು, ಆಮ್ಯಾಲ ಓಟು” ಎಂದು ಹೇಳಿದ್ದೆ. ನೀರು ಉಪ್ಪಾಗಿತ್ತು. ಆ ಹಳ್ಳಿಯಲ್ಲಿ ನನಗೆ ಬಂದದ್ದು ಹದಿನೇಳು ಮತ. ವೈಷ್ಣವಿ ಊಟ ನಿಲ್ಲಿಸಿ ಆ ಮಾತನ್ನು ಫೋನಿನಲ್ಲಿ ಬರೆದುಕೊಂಡಳು. ಇಲ್ಲಿಯ ಬಾವಿಗಳ ನೀರೂ ಉಪ್ಪೆಂದು ಹೇಳಿದಳು.

ಆಗಸ್ಟ್‌ನಲ್ಲಿ ಆಕೆಯ ಬೋರ್ಡುಗಳು ಅಚ್ಚಾಗಿ ಬಂದವು. ರಸ್ತೆಯ ಬದಿಯಲ್ಲಿ ತಂತಿಯ ಕಾಲುಗಳ ಮೇಲೆ ನೆಡುವ ಬೋರ್ಡು. ಎತ್ತರ 18 ಇಂಚು, ಅಗಲ 24 ಇಂಚು. ಎಡಗಡೆ ಆಕೆಯ ನಗುವ ಫೋಟೊ. ಬಲಗಡೆ ಇಂಗ್ಲಿಷಿನಲ್ಲಿಯೂ ಸ್ಪ್ಯಾನಿಷಿನಲ್ಲಿಯೂ ‘ಮೊದಲು ನೀರು’ ಎಂದು ಇತ್ತು. ಕೆಳಗೆ ಆಕೆಯ ಹೆಸರು.

ಆ ದಿನಗಳಲ್ಲಿ ಆಕೆ ಭಾಷಣದಲ್ಲಿ ಈ ಮಾತು ಹೇಳುವ ಮೊದಲು ‘ನನ್ನ ಮಾವ ಹೇಳುತ್ತಾರೆ’ ಎಂದು ಸೇರಿಸುತ್ತಿದ್ದಳು. ದಿನಾಂಕ 14-9-2024ರಂದು ಆಸ್ಟಿನ್‌ನಲ್ಲಿ ನಡೆದ ಸಭೆಯಲ್ಲಿ ಹಾಗೆ ಹೇಳಿದಾಗ ಸುಮಾರು ಇನ್ನೂರು ಜನ ತಿರುಗಿ ನನ್ನನ್ನು ನೋಡಿದರು. ನಾನು ಎದ್ದು ನಿಂತು ಕೈಮುಗಿದೆ. ಆ ದಿನ ನನಗೆ ಸಂತೋಷವಾಗಿತ್ತು ಎಂಬುದನ್ನೂ ಬರೆದುಕೊಳ್ಳಬೇಕು.

ಪ್ರಚಾರದ ಉಸ್ತುವಾರಿ ಆತ್ರೇಯ ಎಂಬವರು, ವಯಸ್ಸು 31, ಡಲ್ಲಾಸ್‌ನಲ್ಲಿ ಹುಟ್ಟಿ ಬೆಳೆದವರು. ಅದೇ ತಿಂಗಳ ಕೊನೆಯಲ್ಲಿ ಅವರು ಒಂಬತ್ತು ನಿಮಿಷದ ಭಾಷಣವನ್ನು ಆರು ನಿಮಿಷಕ್ಕೆ ಇಳಿಸಿದರು. ನಾನು ಅಡುಗೆಮನೆಯಲ್ಲಿ ಇದ್ದಾಗ ಅವರು ವೈಷ್ಣವಿಗೆ, “ಅಕ್ಕಾ, ಮಾವನ ಲೈನ್ ಕಟ್ ಮಾಡೋಣ, ಅದು ಸ್ಲೋ ಮಾಡತ್ತೆ” ಎಂದು ಹೇಳಿದ್ದು ನನಗೆ ಕೇಳಿಸಿತು. ಆಕೆ ಏನು ಉತ್ತರ ಕೊಟ್ಟಳೋ ಕೇಳಿಸಲಿಲ್ಲ. ಕುಕ್ಕರ್ ಕೂಗಿತು. ಮುಂದಿನ ಸಭೆಯಿಂದ ಮಾತು ಉಳಿಯಿತು, ಮಾವ ಹೋದನು.

ದಿನಾಂಕ 12-10-2024, ವಿಜಯದಶಮಿಯ ದಿನ, ನಾವು ಪೇರ್ಲ್ಯಾಂಡ್‌ಗೆ ಹೋಗಿದ್ದೆವು. ನಮ್ಮ ಕನ್ನಡ ಜನ ಒಂದು ಹಾಲ್‌ನಲ್ಲಿ ಸೇರಿದ್ದರು. ಹುಬ್ಬಳ್ಳಿ-ಧಾರವಾಡದ ಕಡೆಯ ಮನೆಗಳವರು ಬನ್ನಿ ಎಲೆ ತರಿಸಿದ್ದರು. ನಮ್ಮಲ್ಲಿ ಬನ್ನಿಯನ್ನು ಮೊದಲು ಹಿರಿಯರ ಕೈಗೆ ಕೊಟ್ಟು ನಮಸ್ಕಾರ ಮಾಡುವುದು ವಾಡಿಕೆ. ನಾನು ಬಾಗಿಲಿನ ಎಡಗಡೆ ಕುರ್ಚಿಯಲ್ಲಿ ಕುಳಿತಿದ್ದೆ. ವೈಷ್ಣವಿ ನನ್ನಿಂದ ಎಂಟು ಅಡಿ ದೂರ ನಿಂತಿದ್ದಳು. ಜನ ಸಾಲಾಗಿ ಆಕೆಯ ಹತ್ತಿರ ಹೋದರು. ನಾನು ಎಣಿಸಿದಂತೆ ಐವತ್ತೆಂಟು ಜನ. ಅವರಲ್ಲಿ ಹನ್ನೊಂದು ಜನ ಆಮೇಲೆ ನನ್ನ ಕಡೆ ಬಂದರು. ಪರಿಚಯದ ರಾಮಮೂರ್ತಿ ಎಂಬವರು ಡಲ್ಲಾಸ್‌ನಿಂದ ಬಂದ ಒಬ್ಬರಿಗೆ ನನ್ನನ್ನು ತೋರಿಸಿ, ಇವರು ವೈಷ್ಣವಿಯ ಮಾವ ಎಂದರು. ಬಂದವರು ನನ್ನ ಹೆಸರು ಕೇಳಲಿಲ್ಲ. ಅಂಕಲ್, ನೀವು ತುಂಬ ಪುಣ್ಯವಂತರು ಎಂದು ಹೇಳಿ ಫೋಟೊ ತೆಗೆಸಿಕೊಳ್ಳಲು ಆಕೆಯ ಕಡೆ ಹೋದರು.

ದಿನಾಂಕ 16-10-2024, ಬುಧವಾರ ಸಂಜೆ 6 ಗಂಟೆಗೆ ಸೋಟೋಲ್ ವೆಲ್ಸ್‌ನ ದನದ ಜಾತ್ರೆಯ ಶೆಡ್ಡಿನಲ್ಲಿ ಆಕೆಯ ಸಭೆ ಇತ್ತು. ನಾನೂರು ಕುರ್ಚಿ ಹಾಕಿದ್ದರು. ಸಾಲದೆ ಜನ ಹುಲ್ಲಿನ ಪೆಂಡಿಗಳ ಮೇಲೆ ಕುಳಿತರು. ಹ್ಯಾಟು ಹಾಕಿಕೊಂಡ ದೊಡ್ಡ ದೊಡ್ಡ ಗಂಡಸರು, ತೊಡೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಹೆಂಗಸರು. ವೈಷ್ಣವಿ ಈ ಊರಿನ ಬಾವಿಯೊಂದರ ನೀರನ್ನು ಗಾಜಿನ ಲೋಟದಲ್ಲಿ ತರಿಸಿದಳು. ಎಲ್ಲರ ಮುಂದೆ ಕುಡಿದಳು. ಮುಖ ಕಿವಿಚಲಿಲ್ಲ. ನಾನು ಅಂದು ಕಿವಿಚಿದ್ದೆ. ಆಮೇಲೆ ಆಕೆ ಆ ಮಾತು ಹೇಳಿದಳು, ಮೊದಲು ಸ್ಪ್ಯಾನಿಷಿನಲ್ಲಿ, ನಂತರ ಇಂಗ್ಲಿಷಿನಲ್ಲಿ. ಇಡೀ ಶೆಡ್ಡು ಎದ್ದು ನಿಂತಿತು. ನಾನು ಹಿಂದಿನ ಸಾಲಿನಲ್ಲಿ, ಸಭೆಗೆ ಬಂದವರ ಹೆಸರು ಬರೆದುಕೊಳ್ಳುವ ಹಲಗೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಎದ್ದರೆ ಹಲಗೆಗಳು ಬೀಳುತ್ತವೆ ಎಂಬ ನೆಪದಿಂದ ನಾನು ಏಳಲಿಲ್ಲ.

ಮರುದಿನ, ದಿನಾಂಕ 17-10-2024, ಬೆಳಿಗ್ಗೆ 7 ಗಂಟೆಗೆ ನಾನು ಪ್ರಚಾರದ ಬಿಳಿ ಪಿಕಪ್ ಟ್ರಕ್ಕಿನಲ್ಲಿ ಹೊರಟೆ. ಆ ಟ್ರಕ್ಕನ್ನು ಒಬ್ಬ ಬೆಂಬಲಿಗರು ಬಳಸಲು ಕೊಟ್ಟಿದ್ದರು. ಹಾಲು ತರಕಾರಿ ತರಲು, ಬೋರ್ಡು ನೆಡಲು ನಾನೇ ಅದನ್ನು ಡ್ರೈವ್ ಮಾಡುತ್ತಿದ್ದೆ. ಊರಿನ ದಕ್ಷಿಣಕ್ಕೆ ಹೋಗುವ ಹೆದ್ದಾರಿಯಲ್ಲಿ ಒಂಬತ್ತನೇ ಮೈಲಿಯ ಹತ್ತಿರ ಒಂದು ಬೋರ್ಡು ಗಾಳಿಗೆ ವಾಲಿತ್ತು. ಅದನ್ನು ನೆಟ್ಟಗೆ ಮಾಡಲು ಇಳಿದೆ. ಇದು ನಿಜ. ನೆಟ್ಟಗೆ ಮಾಡಲೆಂದೇ ಇಳಿದೆ. ಆಗಿನ್ನೂ ಸೂರ್ಯ ಹುಟ್ಟಿರಲಿಲ್ಲ, ಅರೆಬೆಳಕು ಇತ್ತು. ಬೋರ್ಡಿನಲ್ಲಿ ಆಕೆಯ ಮುಖ, ಪಕ್ಕದಲ್ಲಿ ನನ್ನ ಮಾತು. ನಾನು ಅದನ್ನು ಎರಡೂ ಕೈಯಿಂದ ಹಿಡಿದು ಕಿತ್ತೆ. ಇಲ್ಲಿಯ ಸುಣ್ಣಮಣ್ಣು ಗಟ್ಟಿ, ಮೂರು ಸಲ ಅಲುಗಾಡಿಸಬೇಕಾಯಿತು. ತಂತಿ ತಾಗಿ ಬಲಗೈಯ ಹಸ್ತ ಕೊಯ್ದಿತು. ನಂತರ ಮುಂದಿನ ಬೋರ್ಡಿಗೆ ಹೋದೆ.

ಆ ಬೆಳಿಗ್ಗೆ ಇಪ್ಪತ್ತೇಳು ಬೋರ್ಡು ಕಿತ್ತು ಟ್ರಕ್ಕಿನಲ್ಲಿ ಹಾಕಿಕೊಂಡೆ. ಇಪ್ಪತ್ತೆರಡನೇ ಮೈಲಿಯ ಸೇತುವೆಯ ಕೆಳಗಿನ ಒಣ ಹಳ್ಳದಲ್ಲಿ ಎಸೆದೆ. ದಾರಿಯಲ್ಲಿ ಅಂಗಡಿಗೆ ಹೋಗಿ ಹಾಲು ಕೊಂಡೆ. 8 ಗಂಟೆ 50 ನಿಮಿಷಕ್ಕೆ ಮನೆಗೆ ಬಂದು ಕಾರ್ಯಕರ್ತರಿಗೆ ಉಪ್ಪಿಟ್ಟು ಮಾಡಿದೆ. ಕೈಗೆ ಏನಾಯಿತೆಂದು ವೈಷ್ಣವಿ ಕೇಳಿದಳು. ಈಳಿಗೆ ತಾಗಿತು ಎಂದೆ. ಆ ಮನೆಯಲ್ಲಿ ಈಳಿಗೆ ಇಲ್ಲ. ಆಕೆಯೇ ಗಾಯ ತೊಳೆದು ಔಷಧಿ ಹಚ್ಚಿ ಪಟ್ಟಿ ಕಟ್ಟಿದಳು. ನನಗೆ ಆಗ ನಾಚಿಕೆಯಾಗಲಿಲ್ಲ. ಆಕೆಯ ಗಡಿಬಿಡಿಯ ದಿನದಲ್ಲಿ ಏಳು ನಿಮಿಷ ನನ್ನ ಪಾಲಿಗೆ ಸಿಕ್ಕಿತು ಎಂದು ಅನಿಸಿತು.

ಬೋರ್ಡು ಹೋದದ್ದು ಮಧ್ಯಾಹ್ನ ಗೊತ್ತಾಯಿತು. ಆತ್ರೇಯ ಅವರು ಬೇಸರ ಮಾಡಿಕೊಳ್ಳಲಿಲ್ಲ. ಅವರು ಖಾಲಿ ರಸ್ತೆಯ ಬದಿಯಲ್ಲಿ ವೈಷ್ಣವಿಯನ್ನು ನಿಲ್ಲಿಸಿ ವಿಡಿಯೊ ಮಾಡಿಸಿದರು. ಯಾರು ಮಾಡಿದರೋ ತನಗೆ ತಿಳಿಯದೆಂದೂ, ಬೋರ್ಡು ಕಿತ್ತರೆ ಬಾವಿಯ ನೀರು ಸಿಹಿಯಾಗುವುದಿಲ್ಲವೆಂದೂ ಆಕೆ ಹೇಳಿದಳು. ಮೂರು ದಿನದಲ್ಲಿ ಅದನ್ನು ಎಷ್ಟೋ ಲಕ್ಷ ಜನ ನೋಡಿದರು. ಡಲ್ಲಾಸ್ ಮತ್ತು ಆಸ್ಟಿನ್‌ನ ಟಿ.ವಿ.ಯವರು ಕ್ಯಾಮೆರಾ ಹಿಡಿದು ಈ ಊರಿಗೆ ಬಂದರು. ಸಮೀಕ್ಷೆಯಲ್ಲಿ ಮೊದಲ ಸಲ ಆಕೆ ಎದುರಾಳಿಗಿಂತ ಒಂದು ಅಂಕ ಮುಂದೆ ಬಂದಳು. ಟಿ.ವಿ.ಯವಳೊಬ್ಬಳು ಅಡುಗೆಮನೆಗೆ ಬಂದು, ಕನ್ನಡಕ ಸರಿಮಾಡಿಕೊಂಡು, ಚಹಾ ಮಾಡುತ್ತಿದ್ದ ನನ್ನನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಕೇಳಿಕೊಂಡಳು. ಕಿಟಕಿಯ ಬೆಳಕು ವೈಷ್ಣವಿಯ ಮೇಲೆ ಬೀಳಬೇಕಾಗಿತ್ತು.

ನಾನು ಕಿತ್ತದ್ದರಿಂದಲೂ ಆಕೆಗೇ ಒಳ್ಳೆಯದಾಯಿತು. ಈ ಸಿಟ್ಟಿನಿಂದ ದಿನಾಂಕ 22-10-2024, ಮಂಗಳವಾರ, ಮುಂಗಡ ಮತದಾನದ ಎರಡನೇ ದಿನ, ಬೆಳಿಗ್ಗೆ 7 ಗಂಟೆ 10 ನಿಮಿಷದಿಂದ ಅದೇ ಹೆದ್ದಾರಿಯಲ್ಲಿ ಇನ್ನೂ ಮೂವತ್ತೇಳು ಬೋರ್ಡು ಕಿತ್ತೆ. ಎರಡೂ ಸೇರಿ ಅರವತ್ತನಾಲ್ಕು. ಎರಡನೆಯ ಸಲ ಮೊದಲಿನ ಹಾಗೆ ತಾನಾಗಿ ಆದದ್ದಲ್ಲ. ಹಿಂದಿನ ದಿನವೇ ಕೈಗವಸು ತೆಗೆದಿಟ್ಟಿದ್ದೆ. ಅದೇ ಹಳ್ಳದಲ್ಲಿ ಎಸೆದೆ. ಅಂದು ಗಾಳಿ ಜೋರಾಗಿತ್ತು. ಕೆಲವು ಬೋರ್ಡು ಹಾರಿ ರಸ್ತೆಗೆ ಬಂದಿರಬಹುದು. ನಾನು ಹಿಂತಿರುಗಿ ನೋಡಲಿಲ್ಲ.

ದಿನಾಂಕ 23-10-2024ರಂದು ಡೇಲ್ ಹಾಲೋಮನ್ ಎಂಬವರನ್ನು ಪೊಲೀಸರು ಹಿಡಿದರು. ಅವರ ವಯಸ್ಸು 58, ಶಾಲೆಯ ಬಸ್ ಡ್ರೈವರ್, ಎದುರಾಳಿಯ ಬೆಂಬಲಿಗರು. ಒಂದು ರ‍್ಯಾಂಚಿನ ಗೇಟಿನ ಕ್ಯಾಮೆರಾದಲ್ಲಿ ಹಿಂದಿನ ದಿನ ಬೆಳಿಗ್ಗೆ 7 ಗಂಟೆ 32 ನಿಮಿಷಕ್ಕೆ ಬಿಳಿ ಪಿಕಪ್ ಹೋದದ್ದು ಕಂಡಿತ್ತು, ನಂಬರ್ ಕಂಡಿರಲಿಲ್ಲ. ಹಾಲೋಮನ್ ಅವರದೂ ಬಿಳಿ ಪಿಕಪ್. ಅದರಲ್ಲಿ ಮೂರು ಬೋರ್ಡು ಸಿಕ್ಕವು. ಬಸ್ಸಿನ ಚಕ್ರಕ್ಕೆ ಸಿಕ್ಕೀತೆಂದು ತಾನು ರಸ್ತೆಯಿಂದ ಎತ್ತಿ ಹಾಕಿಕೊಂಡೆನೆಂದು ಅವರು ಹೇಳಿದರು. ಸೆಪ್ಟೆಂಬರ್‌ನಲ್ಲಿ ಒಂದು ಸಭೆಯಲ್ಲಿ ಎದ್ದುನಿಂತು, ಹ್ಯೂಸ್ಟನ್‌ನವರ ಬೋರ್ಡು ಈ ರಸ್ತೆಯಲ್ಲಿ ಬೇಕಾಗಿಲ್ಲವೆಂದು ಇವರೇ ಕೂಗಾಡಿದ್ದರು. ಆದ್ದರಿಂದ ಅವರನ್ನು ಯಾರೂ ನಂಬಲಿಲ್ಲ. ಸಂಜೆ ಬಿಟ್ಟು ಕಳಿಸಿದರು. ಆದರೆ ಕೇಸು ಉಳಿಯಿತು, ಟ್ರಕ್ಕನ್ನು ಸಾಕ್ಷಿಯೆಂದು ಇಟ್ಟುಕೊಂಡರು, ಶಾಲೆಯವರು ಬಸ್ಸಿನಿಂದ ಇಳಿಸಿದರು. ಅವರ ಫೋಟೊ ಎಲ್ಲರ ಫೋನಿನಲ್ಲಿ ಬಂತು. ನಾನೂ ನೋಡಿದೆ. ಅವರು ನನಗೆ ಅಪರಿಚಿತರಲ್ಲ, ಅಂಚೆ ಕಚೇರಿಯಲ್ಲಿ ಎರಡು ಸಲ ನನಗಾಗಿ ಬಾಗಿಲು ತೆರೆದು ಹಿಡಿದವರು. ಆದರೂ ನಾನು ಸುಮ್ಮನಿದ್ದೆ. ಚುನಾವಣೆ ಮುಗಿದ ಮೇಲೆ ಎಲ್ಲ ತಣ್ಣಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ದಿನಾಂಕ 30-10-2024, ಬುಧವಾರ. ವೈಷ್ಣವಿ ಪ್ರಚಾರದ ನಡುವೆಯೂ ವಾರಕ್ಕೆ ಎರಡು ದಿನದ ಆಸ್ಪತ್ರೆ ಡ್ಯೂಟಿ ಬಿಟ್ಟಿರಲಿಲ್ಲ. ಮಧ್ಯಾಹ್ನ 2 ಗಂಟೆಗೆ ಊಟಕ್ಕೆ ಬಂದವಳು ತಟ್ಟೆಯ ಮುಂದೆ ಕುಳಿತು ಬಹಳ ಹೊತ್ತು ತಿನ್ನಲಿಲ್ಲ. ಏನಾಯಿತೆಂದು ಕೇಳಿದೆ. ಹಾಲೋಮನ್ ಅವರ ಹೆಂಡತಿ ಲೋರ್ನಾ ಅವರಿಗೆ ಮೂತ್ರಪಿಂಡದ ಕಾಯಿಲೆ ಇದೆಯೆಂದೂ, ವಾರಕ್ಕೆ ಮೂರು ಸಲ 74 ಮೈಲಿ ದೂರದ ಊರಿಗೆ ಡಯಾಲಿಸಿಸ್‌ಗೆ ಗಂಡನೇ ಆ ಟ್ರಕ್ಕಿನಲ್ಲಿ ಕರೆದೊಯ್ಯುತ್ತಿದ್ದರೆಂದೂ ಆಕೆ ಹೇಳಿದಳು. ಟ್ರಕ್ ಹೋದ ಮೇಲೆ ಒಂದು ಸಲ ನೆರೆಯವರು ಬಿಟ್ಟುಬಂದರು. ಶನಿವಾರ ಮತ್ತು ಮಂಗಳವಾರ ಆ ನೆರೆಯವರು ಸಿಗಲಿಲ್ಲ, ಗಂಡ ಹೆಂಡತಿ ಬೇರೆ ಯಾರನ್ನೂ ಕೇಳಲಿಲ್ಲ, ಎರಡು ಸಲ ಡಯಾಲಿಸಿಸ್ ತಪ್ಪಿತು.

“ಇವತ್ತು ಬೆಳಿಗ್ಗೆ ಬಂದಾಗ ಉಸ್ರು ತಗೊಳ್ಳೋಕೂ ಆಗ್ತಿರ್ಲಿಲ್ಲ ಮಾವ. ಶ್ವಾಸಕೋಶದ ತುಂಬ ನೀರು. ಹೆಲಿಕಾಪ್ಟರ್‌ನಲ್ಲಿ ಕಳಿಸ್ದೆ. ಆಯಪ್ಪ ಕಾರಿಡಾರ್‌ನಲ್ಲಿ ನಿಂತಿದ್ರು, ನನ್ನ ಮುಖ ನೋಡ್ಲಿಲ್ಲ” ಎಂದಳು. ತಾನು ಶೆರಿಫರಿಗೆ ಫೋನ್ ಮಾಡಿ ಟ್ರಕ್ ಬಿಡಲು ಕೇಳಿದೆನೆಂದೂ, ಕೇಸು ಮುಗಿಯದೆ ಬಿಡಲಾಗದೆಂದು ಅವರು ಹೇಳಿದರೆಂದೂ ತಿಳಿಸಿದಳು.

ಮರುದಿನ ನರಕ ಚತುರ್ದಶಿ. ನಾನು ಎಣ್ಣೆ ಹಚ್ಚಿಕೊಳ್ಳಲಿಲ್ಲ. ಆತ್ರೇಯ ಅವರು ಒಂದು ಡಬ್ಬಿ ಮೈಸೂರು ಪಾಕು ತಂದಿದ್ದರು. ಲೋರ್ನಾ ಅವರು ಬದುಕಿದ್ದಾರೆಯೇ ಎಂದು ಎರಡು ಸಲ ಕೇಳಿದೆ. ಬದುಕಿದ್ದಾರೆ, ಆದರೆ ಇನ್ನೂ ತೀವ್ರ ನಿಗಾ ಘಟಕದಲ್ಲಿದ್ದಾರೆ ಎಂದು ವೈಷ್ಣವಿ ಹೇಳಿದಳು.

ಇವತ್ತು, ದಿನಾಂಕ 1-11-2024, ಸಂಜೆ 4 ಗಂಟೆ 40 ನಿಮಿಷಕ್ಕೆ, ಆಕೆ ಅಡುಗೆಮನೆಯಲ್ಲಿ ನಿಂತು ಬಾಳೆಹಣ್ಣು ತಿನ್ನುತ್ತಿದ್ದಾಗ, “ಆ ಬೋರ್ಡು ನಾ ಕಿತ್ತೀನಿ” ಎಂದು ಹೇಳಿದೆ. ಆಕೆಗೆ ಅರ್ಥವಾಗಲಿಲ್ಲವೆಂದು ತಿಳಿದು ಮತ್ತೊಮ್ಮೆ ಹೇಳಿದೆ. ಆಕೆ ಸಿಪ್ಪೆಯನ್ನು ಕಸದ ಡಬ್ಬಿಗೆ ಹಾಕಿ, ಕೈ ತೊಳೆದು, ಒರೆಸಿಕೊಂಡಳು. ಎಷ್ಟು ಎಂದು ಕೇಳಿದಳು. ಅರವತ್ತನಾಲ್ಕು ಎಂದೆ. ಎರಡೂ ಸಲವೇ ಎಂದು ಕೇಳಿದಳು. ಹೌದೆಂದೆ. ನನ್ನ ಬಲಗೈಯನ್ನು ನೋಡಿದಳು. ಅಷ್ಟರಲ್ಲಿ ಹೊರಕೋಣೆಯಿಂದ ಆತ್ರೇಯ ಅವರು ಬಂದರು.

ಅವರಿಗೆ ವಿಷಯ ತಿಳಿದ ಮೇಲೆ ಅವರು ಬಾಗಿಲು ಹಾಕಿದರು. ಮತದಾನಕ್ಕೆ ಇನ್ನು ನಾಲ್ಕೇ ದಿನವೆಂದೂ, ಬುಧವಾರ ಬೆಳಿಗ್ಗೆ ಅಂಕಲ್ ಏನು ಬೇಕಾದರೂ ಹೇಳಲಿ, ಅಂದೇ ಹಾಲೋಮನ್ ಅವರ ಟ್ರಕ್ ವಾಪಸಾಗುತ್ತದೆಂದೂ ಹೇಳಿದರು. ವೈಷ್ಣವಿ ಪೇರ್ಲ್ಯಾಂಡ್‌ನಲ್ಲಿದ್ದ ನನ್ನ ಮಗನಿಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಇಟ್ಟಳು. ಅವನೂ ಹಾಗೆಯೇ ಹೇಳಿದನು. “ಅಪ್ಪಾ, ನಾಕ ದಿನ ಬಾಯಿ ಮುಚಗೊಂಡಿರೂದು ನಿನಗ ಅಷ್ಟ ಕಷ್ಟ ಏನು? ಹದಿನೈದ ದಿನಾ ಇದ್ದಿಯಲ್ಲ” ಎಂದನು. 

ವೈಷ್ಣವಿ ಫೋನ್ ಇಟ್ಟು, “ಮಾವ, ಇದನ್ನ ಇವತ್ತೇ ಯಾಕೆ ಹೇಳ್ತಿದ್ದೀರ?” ಎಂದು ಕೇಳಿದಳು. ಲೋರ್ನಾ ಅವರ ಸಲುವಾಗಿ ಎಂದು ನಾನು ಹೇಳಿದೆ. ಅಷ್ಟೇನಾ ಎಂದು ಕೇಳಿದಳು. ಆಕೆ ರೋಗಿಗಳನ್ನು ಕೇಳುವ ಧ್ವನಿಯಲ್ಲಿಯೇ ಕೇಳಿದಳು. ಆಗ ನಾನು ನಿಜ ಹೇಳಿದೆ. ನೀನು ಗೆಲ್ಲುವ ಹಂಗ ಕಾಣತೈತಿ, ಈಗ ಹೇಳಿದರ ನೀ ಸೋಲತಿ ಅನ್ನೂದೂ ನನಗ ಗೊತ್ತೈತಿ, ಯಾವುದಕ್ಕ ಹೇಳಾಕತ್ತೀನಿ ಅಂತ ನನಗ ಗೊತ್ತಿಲ್ಲ ಎಂದೆ. ಆತ್ರೇಯ ಅವರು ಇಂಗ್ಲಿಷಿನಲ್ಲಿ ಏನೋ ಬೈದರು. ವೈಷ್ಣವಿ ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದುಕೊಂಡಳು. ಯಾವುದಕ್ಕೇ ಆಗಲಿ, ಅವರ ಟ್ರಕ್ ಇವತ್ತು ವಾಪಸ್ ಹೋಗಬೇಕು ಎಂದು ಹೇಳಿ ನನಗೆ ಚಪ್ಪಲಿ ಹಾಕಿಕೊಳ್ಳಲು ಹೇಳಿದಳು.

ಮನೆಯಿಂದ ಈ ಕಚೇರಿಗೆ ಆರು ಮೈಲಿ. ರೈಲು ಗೇಟಿನಲ್ಲಿ ಗೂಡ್ಸ್ ರೈಲೊಂದು ಹೋಗುತ್ತಿದ್ದುದರಿಂದ ಒಂಬತ್ತು ನಿಮಿಷ ನಿಲ್ಲಬೇಕಾಯಿತು.  ಅಲ್ಲಿ ಆಕೆ ರಸ್ತೆಯನ್ನೇ ನೋಡುತ್ತ, “ಭಾಷಣದಿಂದ ನಿಮ್ಮ ಹೆಸರು ತೆಗೆದಾಗ ನನಗೆ ಚೆನ್ನಾಗೇ ಗೊತ್ತಿತ್ತು, ತೆಗೀತಿದ್ದೀವಿ ಅಂತ. ಒಂದ್ಸಲ ಕೇಳಿದ್ರೆ ವಾಪಸ್ ಹಾಕ್ತಿದ್ದೆ” ಎಂದಳು. “ಕೇಳಿ ಹಾಕ್ಸಿಕೊಂಡ ಮ್ಯಾಲ ಅದು ನಂದು ಹೆಂಗ ಆಗತೈತಿ” ಎಂದು ನಾನು ಹೇಳಿದೆ. ಆಕೆ ಒಂದು ಸಲ ತಲೆಯಾಡಿಸಿದಳು. ಗೇಟು ತೆರೆಯಿತು. ಈಗ ಆಕೆ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಳೆ. ಒಳಗೆ ಬಂದು ಕೂರಲು ಡೆಪ್ಯುಟಿಯವರು ಕರೆದರು. ತಾನು ಕೇಳುವಂಥದ್ದಲ್ಲ ಎಂದು ಆಕೆ ಬರಲಿಲ್ಲ.

ಕೈಗವಸು ಅಡುಗೆಮನೆಯ ಸಿಂಕಿನ ಕೆಳಗಿದೆ. ಬೋರ್ಡುಗಳು ಇಪ್ಪತ್ತೆರಡನೇ ಮೈಲಿಯ ಸೇತುವೆಯ ಕೆಳಗಿವೆ. ಈ ಕೆಲಸದಲ್ಲಿ ಹಾಲೋಮನ್ ಅವರ ಪಾತ್ರವಾಗಲಿ, ವೈಷ್ಣವಿಯ ಅಥವಾ ಆತ್ರೇಯ ಅವರ ತಿಳಿವಳಿಕೆಯಾಗಲಿ ಇರಲಿಲ್ಲ.

ಮುಂದುವರಿದ ಹೇಳಿಕೆ, ದಿನಾಂಕ 7-11-2024, ಗುರುವಾರ, ಬೆಳಿಗ್ಗೆ 10 ಗಂಟೆ. ಮೇಲಿನದನ್ನು ಶ್ರೀ ರಾಜಗೋಪಾಲ ಅವರು ಕನ್ನಡದಲ್ಲಿ ಬರೆದು ಕಳಿಸಿದ್ದಾರೆ. ಅದನ್ನು ಇಂದು ನನ್ನ ಕೈಗೆ ಕೊಟ್ಟು, ಓದಿ, ಸೇರಿಸುವುದು ಅಥವಾ ತೆಗೆಯುವುದು ಇದೆಯೇ ಎಂದು ಡೆಪ್ಯುಟಿ ಕ್ವೆಸಾಡ ಅವರು ಕೇಳಿದರು. ತೆಗೆಯುವುದು ಏನೂ ಇಲ್ಲ. ಸೇರಿಸುವುದು ಇದೆ.

ನಾನು ಹೇಳಿಕೆ ಕೊಟ್ಟ ದಿನವೇ ಸಂಜೆ 7 ಗಂಟೆ 10 ನಿಮಿಷಕ್ಕೆ ಹಾಲೋಮನ್ ಅವರಿಗೆ ಟ್ರಕ್ ವಾಪಸ್ ಕೊಟ್ಟರು. ನಾನು ಕಚೇರಿಯ ಬಾಗಿಲಲ್ಲಿ ನಿಂತು ತಪ್ಪಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನನ್ನನ್ನು ದಾಟಿ ವೈಷ್ಣವಿಯ ಹತ್ತಿರ ಹೋದರು. ತಾನು ಮೊದಲೂ ಆಕೆಗೆ ಓಟು ಹಾಕುವವನಲ್ಲ, ಈಗಲೂ ಅಲ್ಲ, ಆದರೆ ಹೆಂಡತಿಯ ಡಾಕ್ಟರನ್ನು ಬದಲಿಸುವುದಿಲ್ಲ ಎಂದು ಹೇಳಿದರು. ಹ್ಯಾಟು ತೆಗೆದು ಮತ್ತೆ ಹಾಕಿಕೊಂಡರು. ಲೋರ್ನಾ ಅವರು ಸೋಮವಾರ ಮನೆಗೆ ಬಂದರು.

ಶನಿವಾರ ಬೆಳಿಗ್ಗೆ ವೈಷ್ಣವಿ ತಾನೇ ಪತ್ರಿಕೆಯವರನ್ನು ಕರೆದು ಎಲ್ಲವನ್ನೂ ತಿಳಿಸಿದಳು. ನನ್ನ ಹೆಸರು ಹೇಳಿದಳು. ಆ ‘ಮೊದಲು ನೀರು’ ಎಂಬ ಮಾತು ಯಾರದೆಂಬುದನ್ನೂ ಹೇಳಿದಳು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಎಲ್ಲ ಕಡೆ ಸುದ್ದಿಯಾಯಿತು. ಎದುರಾಳಿ ಕಡೆಯವರು ಇಡೀ ಕಥೆಯೇ ನಾಟಕವೆಂದು ಜಾಹೀರಾತು ಮಾಡಿದರು. ಪೇರ್ಲ್ಯಾಂಡ್‌ನಿಂದ ರಾಮಮೂರ್ತಿಯವರು ಫೋನ್ ಮಾಡಿ, ಇನ್ನು ಅಲ್ಲಿಗೆ ಬಂದಾಗ ತಮ್ಮ ಮನೆಗೆ ಬರುವುದು ಬೇಡವೆಂದು ತಿಳಿಸಿದರು. ಮಗನು ಇದುವರೆಗೆ ಫೋನ್ ಮಾಡಿಲ್ಲ.

ಮಂಗಳವಾರ ಮತದಾನವಾಯಿತು. ಬುಧವಾರ ಬೆಳಿಗ್ಗೆ 9 ಗಂಟೆ 15 ನಿಮಿಷಕ್ಕೆ ಕೊನೆಯ ಕೌಂಟಿಯ ಎಣಿಕೆ ಬಂತು. ವೈಷ್ಣವಿ 538 ಮತಗಳಿಂದ ಸೋತಳು. ಆ ಸಂಖ್ಯೆಯನ್ನು ಆತ್ರೇಯ ಅವರು ಓದಿದಾಗ ನನ್ನ ಎದೆ ಒಂದು ಕ್ಷಣ ಹಗುರಾಯಿತು. ಇದನ್ನು ಬರೆಯುವ ಅಗತ್ಯವಿಲ್ಲವೆಂದು ಡೆಪ್ಯುಟಿಯವರು ಹೇಳಿದರು, ನಾನು ಬರೆಯಲು ಕೇಳಿಕೊಂಡೆ. ಮರುಕ್ಷಣವೇ, 1999ರಲ್ಲಿ ನಾನು ಸೋತದ್ದು 1,847 ಮತಗಳಿಂದ ಎಂಬುದು ನೆನಪಿಗೆ ಬಂತು. ಸೋಲಿನಲ್ಲಿಯೂ ಆಕೆ ನನಗಿಂತ ಮುಂದಿದ್ದಳು. ಆತ್ರೇಯ ಅವರು ಮೇಜಿನ ಮೇಲೆ ತಲೆಯಿಟ್ಟು ಅತ್ತರು. ವೈಷ್ಣವಿ ಅವರ ಬೆನ್ನಿನ ಮೇಲೆ ಕೈಯಿಟ್ಟು ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ.

10 ಗಂಟೆ 30 ನಿಮಿಷಕ್ಕೆ ಆಕೆ ಎದುರಾಳಿಗೆ ಫೋನ್ ಮಾಡಿ ಅಭಿನಂದಿಸಿದಳು. ನಂತರ ಸ್ನಾನ ಮಾಡಿ, ಬಿಳಿ ಕೋಟು ತೋಳಿನ ಮೇಲೆ ಹಾಕಿಕೊಂಡು ಹೊರಟಳು. ಬಾಗಿಲಿನಲ್ಲಿ ನಿಂತು, ಐದು ದಿನಗಳಲ್ಲಿ ಮೊದಲ ಸಲ ನನ್ನನ್ನು ಮಾತಾಡಿಸಿದಳು. “ಸೋತ ಮಾರನೇ ದಿನ ನೀವೇನ್ ಮಾಡಿದ್ರಿ ಮಾವ?” ಎಂದು ಕೇಳಿದಳು. ಬಾಗಿಲು ಹಾಕಿಕೊಂಡು ಹನ್ನೊಂದು ದಿನ ಹೊರಗೆ ಬರಲಿಲ್ಲ, ಈರವ್ವ ತಟ್ಟೆಯನ್ನು ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದಳು ಎಂದು ಹೇಳಿದೆ. ಆಕೆ ಅದನ್ನು ಕೇಳಿಸಿಕೊಂಡಳು. ತನಗೆ ಇವತ್ತು ಹದಿನಾಲ್ಕು ಪೇಷಂಟ್‌ಗಳು ಇದ್ದಾರೆ ಎಂದು ಹೇಳಿ ಮೆಟ್ಟಿಲಿಳಿದಳು. ಬೀದಿಯ ಆಚೆ ಒಬ್ಬ ಮುದುಕಿ ನಾಯಿಯನ್ನು ಹಿಡಿದುಕೊಂಡು ನಿಂತಿದ್ದಳು. ವೈಷ್ಣವಿ ಅವಳ ಹತ್ತಿರ ಹೋಗಿ, ಕೈಹಿಡಿದು, ಓಟು ಹಾಕಿದ್ದಕ್ಕೆ ಉಪಕಾರವಾಯಿತೆಂದು ಸ್ಪ್ಯಾನಿಷಿನಲ್ಲಿ ಹೇಳಿದ್ದು ನನಗೆ ಕೇಳಿಸಿತು. ಮುದುಕಿ ಏನೋ ಹೇಳಿದಳು, ವೈಷ್ಣವಿ ನಕ್ಕಳು. ನಿಜವಾದ ನಗೆ. ಆಮೇಲೆ ಕಾರು ಹತ್ತಿ ಕೆಲಸಕ್ಕೆ ಹೋದಳು.

ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಒಂದು ವರ್ಷದಿಂದ ನಾನು ಆಕೆಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಆಕೆಯ ಸಭೆಗಳಿಗೆ, ಟಿ.ವಿ.ಗೆ, ಎದ್ದು ನಿಂತ ಜನಕ್ಕೆ. ಅವೆಲ್ಲಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ಆದದ್ದು ಆ ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ, ಸೋತ ದಿನವೇ ಆಕೆ ಹಾಗೆ ನಕ್ಕು ಕೆಲಸಕ್ಕೆ ಹೋದದ್ದನ್ನು ನೋಡಿ. ಅದರಲ್ಲಿ ನನ್ನ ಕೈಯಿಂದ ಕೀಳಬಹುದಾದದ್ದು ಏನೂ ಇರಲಿಲ್ಲ.

ಡಿಸೆಂಬರ್ 9ರಂದು ನ್ಯಾಯಾಲಯಕ್ಕೆ ಹಾಜರಾಗುತ್ತೇನೆ. ಇದಿಷ್ಟನ್ನೂ ನಾನೇ ಓದಿ ನೋಡಿದ್ದೇನೆ. ನಾನು ಹೇಳಿದಂತೆಯೇ ಇದೆ, ನಡೆದಂತೆಯೇ ಹೇಳಿದ್ದೇನೆ, ನನಗೆ ಅನುಕೂಲವಾಗಲೆಂದು ಯಾವುದನ್ನೂ ಬಿಟ್ಟಿಲ್ಲ.

ಸ್ಥಳ: ಸೋಟೋಲ್ ವೆಲ್ಸ್
ದಿನಾಂಕ: 7-11-2024
ಸಹಿ: ಇರಣ್ಣ ಬ. ಕಡಪಟ್ಟಿ
ನನ್ನ ಸಮಕ್ಷಮ: ಡೆಪ್ಯುಟಿ ಆರ್. ಕ್ವೆಸಾಡ
ಕನ್ನಡದಲ್ಲಿ ಬರೆದವರು: ರಾಜಗೋಪಾಲ, ಡಲ್ಲಾಸ್